ಹಾಡು ಯಾರದು ಅಕ್ಕಾ?

ಹೋದ ಸಂಚಿಕೆಯಲ್ಲಿ ಡಾಲಿ ಪಾರ್ಟನ್ ಅನ್ನೋ ಅಮೆರಿಕದ ಗಾಯಕಿಯ ಬಗ್ಗೆ ಎರಡೇ ಸಾಲು ಬರೆದಿದ್ದೆ. ಅದಕ್ಕೇ ಇಷ್ಟೊಂದು ಪ್ರಶ್ನೆ ಬಂದಿವೆ. ಕೀಲು ನೋವಿನ ಪ್ರಶ್ನೆಗಳು, ಸೊಸೆ ಮೇಲಿನ ದೂರುಗಳು ಮುಂದಿನ ಸಲಕ್ಕೆ ಇರಲಿ. ಈ ಸಲ ಬರೀ ಹಾಡಿನ ಮಾತು.

ಸಿರುಗುಪ್ಪದ ಓದುಗರೊಬ್ಬರು: ಅಕ್ಕಾ, ನೀವು ಹೇಳಿದ ‘ಐ ವಿಲ್ ಆಲ್ವೇಸ್ ಲವ್ ಯೂ’ ವಿಟ್ನಿ ಹೂಸ್ಟನ್ ಹಾಡು ಅಲ್ವಾ? ಈ ಡಾಲಿ ಯಾರು? ಕಂಟ್ರಿ ಮ್ಯೂಸಿಕ್ ಅಂದ್ರೆ ಅವರ ದೇಶಭಕ್ತಿ ಗೀತೆಗಳಾ?

ನಕ್ಕುಬಿಟ್ಟೆ ತಮ್ಮಾ, ಬೇಜಾರಾಗಬೇಡ. ಇಲ್ಲಿ ಕಂಟ್ರಿ ಅಂದ್ರೆ ದೇಶ ಅಲ್ಲ, ಹಳ್ಳಿ ಕಡೆ. ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್ ಕಡೆಯಿಂದ ಹೋಗಿ ಅಮೆರಿಕದ ಬೆಟ್ಟಗಳಲ್ಲಿ ನೆಲೆಯಾದವರು ತಮ್ಮ ಕಥೆಯ ಹಾಡುಗಳನ್ನು, ಪಿಟೀಲನ್ನು ಜೊತೆಗೆ ಒಯ್ದರು. ಬ್ಯಾಂಜೋ ಅನ್ನೋ ತಂತಿವಾದ್ಯ ಬಂದದ್ದು ಆಫ್ರಿಕಾದಿಂದ ಗುಲಾಮರಾಗಿ ಹೋದವರ ಕೈಯಿಂದ. ಇವೆಲ್ಲ ಬೆರೆತು, 1920ರ ದಶಕದಲ್ಲಿ ರೇಡಿಯೋ ಮತ್ತು ರೆಕಾರ್ಡಿನ ಮೇಲೆ ಬಂದು, ಒಂದು ದೊಡ್ಡ ವ್ಯಾಪಾರವೇ ಆಯಿತು. ಅದರ ರಾಜಧಾನಿ ಟೆನೆಸಿ ರಾಜ್ಯದ ನ್ಯಾಶ್‌ವಿಲ್.

ಡಾಲಿ ಹುಟ್ಟಿದ್ದು ಅದೇ ರಾಜ್ಯದ ಬೆಟ್ಟದ ಸೀಮೆಯಲ್ಲಿ, 1946ರ ಜನವರಿ 19ರಂದು. ಹನ್ನೆರಡು ಮಕ್ಕಳಲ್ಲಿ ನಾಲ್ಕನೆಯವಳು. ಒಂದೇ ಕೋಣೆಯ ಮನೆ. ಅಪ್ಪ ಮಂದಿಯ ಹೊಲವನ್ನು ಪಾಲಿಗೆ ಮಾಡುತ್ತಿದ್ದವರು. ಹೆರಿಗೆ ಮಾಡಿಸಿದ ಡಾಕ್ಟರಿಗೆ ಕೊಡಲು ರೊಕ್ಕ ಇರಲಿಲ್ಲ, ಒಂದು ಚೀಲ ಮೆಕ್ಕೆಜೋಳದ ಹಿಟ್ಟು ಕೊಟ್ಟು ಕಳಿಸಿದರಂತೆ. ಈ ಕಥೆಯನ್ನು ಆಕೆಯೇ ಎಷ್ಟೋ ಸಲ ನಗುತ್ತಾ ಹೇಳಿದ್ದಾಳೆ. ಎಂಟನೇ ವರ್ಷಕ್ಕೆ ಸೋದರಮಾವ ಒಂದು ಗಿಟಾರ್ ಕೊಡಿಸಿದ. ಹದಿಮೂರಕ್ಕೆ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಓಪ್ರಿ ಅನ್ನೋ ದೊಡ್ಡ ವೇದಿಕೆ ಹತ್ತಿದಳು. 1964ರಲ್ಲಿ ಹೈಸ್ಕೂಲ್ ಮುಗಿದ ಮರುದಿನವೇ ಗಂಟು ಕಟ್ಟಿಕೊಂಡು ನ್ಯಾಶ್‌ವಿಲ್ ಬಸ್ ಹತ್ತಿದವಳು. ಹೋದ ದಿನವೇ ಬಟ್ಟೆ ಒಗೆಯುವ ಅಂಗಡಿಯ ಹೊರಗೆ ಕಾರ್ಲ್ ಡೀನ್ ಅನ್ನೋ ಹುಡುಗ ಸಿಕ್ಕ. ಎರಡು ವರ್ಷಕ್ಕೆ ಮದುವೆ. ಆತ 2025ರ ಮಾರ್ಚ್‌ನಲ್ಲಿ ತೀರಿಕೊಳ್ಳುವವರೆಗೂ ಜೊತೆಗಿದ್ದ, ಆದರೆ ಕ್ಯಾಮೆರಾ ಮುಂದೆ ಬರಲೇ ಇಲ್ಲ ಅನ್ನಬಹುದು.

ಇನ್ನು ಆ ಹಾಡು. 1967ರಲ್ಲಿ ಪೋರ್ಟರ್ ವ್ಯಾಗನರ್ ಅನ್ನೋ ಹೆಸರಾಂತ ಗಾಯಕ ತನ್ನ ಟಿವಿ ಕಾರ್ಯಕ್ರಮಕ್ಕೆ ಡಾಲಿಯನ್ನು ಕರೆದುಕೊಂಡ. ಏಳು ವರ್ಷ ಜೊತೆಗೆ ಹಾಡಿದರು. ಆಮೇಲೆ ಈಕೆಗೆ ತನ್ನ ದಾರಿ ತಾನು ನೋಡಿಕೊಳ್ಳಬೇಕು ಅನಿಸಿತು, ಆತ ಬಿಡಲೊಲ್ಲ. ಮಾತಿನಲ್ಲಿ ಹೇಳಿದರೆ ಜಗಳವಾಗುತ್ತೆ ಅಂತ ಮನೆಗೆ ಹೋಗಿ ಹಾಡು ಬರೆದು, ಮರುದಿನ ಆತನ ಎದುರಿಗೇ ಕೂತು ಹಾಡಿದಳು. ಆತ ಅತ್ತುಬಿಟ್ಟ. ಅಂದರೆ ನೀವು ಪ್ರೇಮಗೀತೆ ಅಂದುಕೊಂಡದ್ದು ಅಸಲಿಗೆ ಕೆಲಸ ಬಿಡುವ ಅರ್ಜಿ! 1974ರಲ್ಲಿ ಅದು ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ವಿಟ್ನಿ ಅದನ್ನು ಸಿನಿಮಾಕ್ಕೆ ಹಾಡಿದ್ದು 1992ರಲ್ಲಿ. ಹಾಂ, ಅವತ್ತು ಅತ್ತಿದ್ದ ಪೋರ್ಟರ್ ಆಮೇಲೆ ಕೋರ್ಟಿಗೂ ಹೋದ ಅನ್ನಿ. ಅಳು ಬೇರೆ, ರೊಕ್ಕ ಬೇರೆ. ಕೊನೆಗೆ ರಾಜಿಯಾದರು, 2007ರಲ್ಲಿ ಆತ ಸಾಯುವ ಮುಂಚೆ ಈಕೆ ಹಾಸಿಗೆ ಪಕ್ಕದಲ್ಲಿದ್ದಳು.

ಕೊಪ್ಪಳದಿಂದ ಒಬ್ಬ ಕಾಲೇಜು ಹುಡುಗಿ: ಚಿಂದಿ ಬಟ್ಟೆಯ ಕೋಟಿನ ಹಾಡು ಕೇಳಿದೆ, ಅರ್ಧ ಅರ್ಥವಾಯಿತು. ಅದು ನಿಜವಾಗಿ ನಡೆದದ್ದಾ?

ನಡೆದದ್ದೇ ತಂಗಿ. ಮನೆಗೆ ಯಾರೋ ಒಂದು ಡಬ್ಬಿ ತುಂಡು ಬಟ್ಟೆ ಕೊಟ್ಟಿದ್ದರು. ಚಳಿಗಾಲ ಹತ್ತಿರ ಬಂದಿತ್ತು, ಮಗಳಿಗೆ ಕೋಟು ಇರಲಿಲ್ಲ. ಅವ್ವ ತುಂಡಿಗೆ ತುಂಡು ಸೇರಿಸಿ ಹೊಲಿದಳು. ಹೊಲಿಯುತ್ತಾ ಬೈಬಲ್‌ನ ಜೋಸೆಫ್‌ನ ಬಣ್ಣದ ಅಂಗಿಯ ಕಥೆ ಹೇಳಿದಳು. ಹುಡುಗಿ ರಾಣಿಯ ಹಾಗೆ ಶಾಲೆಗೆ ಹೋದಳು. ಅಲ್ಲಿ ಎಲ್ಲರೂ ನಕ್ಕರು. ಹಾಡು ಇಷ್ಟೇ.

ನಿಮ್ಮ ಮನೆಯಲ್ಲಿ ಕೌದಿ ಇರಬೇಕಲ್ಲ, ಅದನ್ನು ತೆಗೆದು ಒಮ್ಮೆ ನೋಡು. ನಮ್ಮ ಅಜ್ಜಿ ಹೊಲಿದ ಕೌದಿಯಲ್ಲಿ ಅವ್ವನ ಇಳಕಲ್ ಸೀರೆಯ ಸೆರಗಿದೆ, ಅಪ್ಪನ ಪಟ್ಟಾಪಟ್ಟಿ ಚಡ್ಡಿ ಇದೆ, ನನ್ನ ಒಂದನೇ ಕ್ಲಾಸಿನ ನೀಲಿ ಲಂಗ ಇದೆ. ಮೂಲೆಯಲ್ಲಿ ಒಂದು ಕಡೆ ಹೊಲಿಗೆ ಸೊಟ್ಟಗಿದೆ. ಅವತ್ತು ಕರೆಂಟ್ ಹೋಗಿತ್ತಂತೆ. ಅದನ್ನು ಹೊದ್ದು ಮಲಗಿದವರಿಗೆ ಆ ಹಾಡಿನ ಅರ್ಥ ಯಾರೂ ಹೇಳಬೇಕಾಗಿಲ್ಲ. ಹಾಸ್ಟೆಲಿಗೆ ಕೌದಿ ಒಯ್ದು, ನಾಚಿಕೆಯಾಗಿ ಟ್ರಂಕಿನ ತಳಕ್ಕೆ ಹಾಕಿ, ಚಳಿಯಲ್ಲಿ ಮುದುಡಿ ಮಲಗಿದವಳು ನಾನು. ಡಾಲಿ ನಾಚಿಕೆಪಟ್ಟಳೋ ಇಲ್ಲವೋ, ಹಾಡಿನಲ್ಲಂತೂ ಪಡಲಿಲ್ಲ.

ಆ ಹಾಡನ್ನು ಬರೆದದ್ದು 1969ರಲ್ಲಿ, ಓಡುವ ಬಸ್ಸಿನಲ್ಲಿ. ಹಾಳೆ ಇರಲಿಲ್ಲ. ಪೋರ್ಟರ್‌ನ ಸೂಟು ಡ್ರೈಕ್ಲೀನಿಂಗ್‌ಗೆ ಹಾಕಿದ ಚೀಟಿ ಸಿಕ್ಕಿತು, ಅದರ ಹಿಂದೆ ಬರೆದಳು. 1971ರಲ್ಲಿ ರೆಕಾರ್ಡ್ ಹೊರಬಂತು. ತನ್ನ ಹಾಡುಗಳಲ್ಲಿ ತನಗೆ ಇದೇ ಹೆಚ್ಚು ಇಷ್ಟ ಅನ್ನುತ್ತಾಳೆ.

ಗಂಗಾವತಿಯಿಂದ: ಆಕೆಯ ಕೂದಲು ಸುಳ್ಳಂತೆ, ಹೌದಾ?

ಹೌದು, ವಿಗ್. ಆಕೆಯೇ ಹೇಳುತ್ತಾಳೆ. ಚಿಕ್ಕವಳಿದ್ದಾಗ ಊರೆಲ್ಲ ಕೆಟ್ಟ ಹೆಂಗಸು ಅಂತ ಬೈಯುತ್ತಿದ್ದ ಒಬ್ಬಾಕೆ ಇದ್ದಳಂತೆ. ಬಣ್ಣದ ತುಟಿ, ಎತ್ತರದ ಕೂದಲು, ಹೈಹೀಲ್ಸ್. ಈಕೆಗೆ ಊರಲ್ಲಿ ಅವಳಷ್ಟು ಚೆಂದ ಯಾರೂ ಕಾಣಲಿಲ್ಲ. ದೊಡ್ಡವಳಾದ ಮೇಲೆ ಹಾಗೇ ಸಿಂಗಾರ ಮಾಡಿಕೊಂಡಳು. ಇದರಲ್ಲಿ ನಿಮಗೇನು ತೊಂದರೆ?

ಮಾನ್ವಿ ತಾಲ್ಲೂಕಿನ ಹಳ್ಳಿಯ ಯುವಕ: ಅಕ್ಕಾ, ನಾನು ಭಜನೆ ಪದ, ಮೊಹರಂ ರಿವಾಯತ್ ಪದ ಬರೆದು ಹಾಡುತ್ತೇನೆ. ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕುವ ಒಬ್ಬರು ಹತ್ತು ಹಾಡಿಗೆ ಐದು ಸಾವಿರ ಕೊಡುತ್ತೇನೆ ಅಂದಿದ್ದಾರೆ. ಒಂದು ಕಾಗದಕ್ಕೆ ಸಹಿ ಕೇಳುತ್ತಿದ್ದಾರೆ. ಹಾಕಲಾ?

ಓದದೆ ಹಾಕಬೇಡ. ಮೊದಲು ಒಂದು ಕಥೆ ಕೇಳು.

‘ಐ ವಿಲ್ ಆಲ್ವೇಸ್ ಲವ್ ಯೂ’ ಗೆದ್ದ ಮೇಲೆ ಎಲ್ವಿಸ್ ಪ್ರೀಸ್ಲಿ ಅದನ್ನು ಹಾಡುತ್ತೇನೆ ಅಂತ ಹೇಳಿ ಕಳಿಸಿದ. ಎಲ್ವಿಸ್ ಅಂದರೆ ನಮ್ಮಲ್ಲಿ ರಾಜ್‌ಕುಮಾರ್ ನಿಮ್ಮ ಪದ ಹಾಡುತ್ತೇನೆ ಅಂದ ಹಾಗೆ. ಡಾಲಿ ಊರಿಗೆಲ್ಲ ಹೇಳಿಕೊಂಡು ಬಂದಳು. ರೆಕಾರ್ಡಿಂಗ್ ಇನ್ನೇನು ನಾಳೆ ಅನ್ನುವಾಗ ಎಲ್ವಿಸ್‌ನ ಮ್ಯಾನೇಜರ್ ಕರ್ನಲ್ ಟಾಮ್ ಪಾರ್ಕರ್ ಫೋನ್ ಮಾಡಿದ. ಎಲ್ವಿಸ್ ಹಾಡಬೇಕಾದರೆ ಹಾಡಿನ ಪಬ್ಲಿಷಿಂಗ್ ಹಕ್ಕಿನಲ್ಲಿ, ಅಂದರೆ ಹಾಡಿನಿಂದ ಬರುವ ರೊಕ್ಕದ ಹಕ್ಕಿನಲ್ಲಿ, ಅರ್ಧ ನಮಗೆ ಬರೆದುಕೊಡಬೇಕು, ಅದೇ ನಮ್ಮ ಪದ್ಧತಿ ಅಂದ. ಈಕೆ ಆಗಲ್ಲ ಅಂದಳು. ಹಾಡುಗಳನ್ನು ಕಾಯಲು ಸೋದರಮಾವನ ಜೊತೆ ಸೇರಿ ಆಗಲೇ ತನ್ನದೇ ಒಂದು ಪಬ್ಲಿಷಿಂಗ್ ಕಂಪನಿ ಮಾಡಿಕೊಂಡಿದ್ದಳು. ಹುಚ್ಚಿ ಅಂದರು ಮಂದಿ. ಫೋನಿಟ್ಟು ರಾತ್ರಿಯೆಲ್ಲ ಅತ್ತಳಂತೆ. ಎಲ್ವಿಸ್ ಅದನ್ನು ರೆಕಾರ್ಡ್ ಮಾಡಲಿಲ್ಲ. ಹದಿನೆಂಟು ವರ್ಷ ಬಿಟ್ಟು ವಿಟ್ನಿ ಹಾಡಿದಾಗ ಅದು ಅಮೆರಿಕದ ಪಟ್ಟಿಯಲ್ಲಿ 14 ವಾರ ಮೊದಲ ಸ್ಥಾನ ಬಿಟ್ಟು ಇಳಿಯಲಿಲ್ಲ. ಬರೆದವಳ ಪಾಲಿನ ರೊಕ್ಕವೆಲ್ಲ ಇಡಿಯಾಗಿ ಡಾಲಿಗೇ ಬಂತು.

ಈಗ ನನ್ನ ಮನೆಯ ಕಥೆ. ನಮ್ಮ ಸೋದರಮಾವ ಬಯಲಾಟದಲ್ಲಿ ಸಾರಥಿ ಪಾತ್ರ ಮಾಡುತ್ತಿದ್ದ, ಪದ ಕಟ್ಟುತ್ತಿದ್ದ. ಕ್ಯಾಸೆಟ್ ಕಾಲದಲ್ಲಿ ಒಬ್ಬರು ಬಂದು, ಬಳ್ಳಾರಿಯ ಒಂದು ಕೋಣೆಗೆ ಕರೆದೊಯ್ದು, ಗೋಡೆಗೆ ಗೋಣಿಚೀಲ ಹೊಡೆದು ಹಾಡಿಸಿಕೊಂಡರು. ಒಂದು ಪಂಚೆ, ಒಂದು ಶರ್ಟ್ ಬಟ್ಟೆ, ಐನೂರು ರೂಪಾಯಿ ಕೊಟ್ಟರು. ಮಾವ ಖುಷಿಯಿಂದಲೇ ಬಂದ. ಮೂರು ತಿಂಗಳಿಗೆ ಕ್ಯಾಸೆಟ್ ಬಂತು. ಬಸ್‌ಸ್ಟ್ಯಾಂಡ್ ಅಂಗಡಿಯಲ್ಲಿ ಅದೇ ಹಾಡು, ಟಂಟಂನಲ್ಲಿ ಅದೇ ಹಾಡು. ಮಾವ ಒಂದು ಕ್ಯಾಸೆಟ್ ಕೊಂಡುಕೊಂಡ, ತನ್ನ ರೊಕ್ಕದಲ್ಲಿ. ಕವರನ್ನು ಬಿಚ್ಚಿ, ಮಡಚಿದ್ದನ್ನು ಸರಿಮಾಡಿ, ಬೆಳಕಿಗೆ ಹಿಡಿದು ನೋಡಿದ. ‘ಸಾಹಿತ್ಯ: ಜನಪದ’ ಅಂತ ಇತ್ತು. ತಾನು ಕಟ್ಟಿದ ಪದಕ್ಕೆ ತಾನು ಇದ್ದಂತೆಯೇ ಸತ್ತುಹೋದ ಅಜ್ಞಾತ ಕವಿ ಆಗಿಬಿಟ್ಟಿದ್ದ.

ನಿನ್ನ ಮಾನ್ವಿಯಲ್ಲೇ ಜಗನ್ನಾಥದಾಸರು ಇದ್ದದ್ದು. ಪದದ ಕೊನೆಗೆ ‘ಜಗನ್ನಾಥವಿಠಲ’ ಅಂತ ಅಂಕಿತ ಹಾಕದೆ ಬಿಟ್ಟರಾ? ಭಕ್ತಿಯ ಮಾತು ಭಕ್ತರು ಹೇಳಲಿ, ನನ್ನ ಮಟ್ಟಿಗೆ ಅದರಿಂದ ಆದ ಉಪಕಾರ ಏನಂದರೆ, ಇನ್ನೂರು ವರ್ಷ ಕಳೆದರೂ ಪದ ಯಾರದು ಅಂತ ಎಲ್ಲರಿಗೂ ಗೊತ್ತು. ಗಾಯಕರು ಎಷ್ಟು ಜನ ಬದಲಾದರೂ ಅಂಕಿತ ಬದಲಾಗಲಿಲ್ಲ. ರಿವಾಯತ್ ಪದಗಳಲ್ಲೂ ಊರ ಹೆಸರು, ಕವಿಯ ಹೆಸರು ಕೊನೆಯ ನುಡಿಯಲ್ಲಿ ಬರುತ್ತವಲ್ಲ, ನೀನೂ ಹಾಕು.

ಇನ್ನು ಕಾನೂನು. ನಮ್ಮ ಕಾಪಿರೈಟ್ ಕಾಯ್ದೆ 1957ರದು, 2012ರಲ್ಲಿ ತಿದ್ದುಪಡಿಯಾಗಿದೆ. ನೀನು ಬರೆದ ಕ್ಷಣದಿಂದಲೇ ಹಕ್ಕು ನಿನ್ನದು, ನೋಂದಣಿ ಮಾಡಿಸಲೇಬೇಕು ಅಂತಿಲ್ಲ. ನೀನು ಬದುಕಿರುವವರೆಗೆ, ಆಮೇಲೆ 60 ವರ್ಷ ನಿನ್ನ ಮಕ್ಕಳಿಗೆ. ಹಕ್ಕು ಬೇರೆಯವರಿಗೆ ಕೊಡಬೇಕಾದರೆ ಬರಹದಲ್ಲೇ ಇರಬೇಕು, ಬಾಯಿಮಾತು ನಡೆಯಲ್ಲ. ಎಷ್ಟು ವರ್ಷಕ್ಕೆ ಅಂತ ಕಾಗದದಲ್ಲಿ ಬರೆಯದಿದ್ದರೆ ಐದೇ ವರ್ಷ. ಎಲ್ಲಕ್ಕಿಂತ ಮುಖ್ಯ ಇದು: ಹಕ್ಕು ಕೊಟ್ಟ ಮೇಲೂ ಸಾಹಿತ್ಯ ಬರೆದವರ, ರಾಗ ಹಾಕಿದವರ ರಾಯಲ್ಟಿ ಪಾಲು, ಅಂದರೆ ಹಾಡು ಬಳಸಿದಾಗೆಲ್ಲ ಬರುವ ರೊಕ್ಕ, ಉಳಿಯುತ್ತೆ. ಅದನ್ನು ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ, ಅಂದರೆ ಬರೆದವರ ಪರವಾಗಿ ಆ ರೊಕ್ಕ ವಸೂಲಿ ಮಾಡುವ ಸಂಘಕ್ಕೆ, ಬಿಟ್ಟು ಬೇರೆ ಯಾರಿಗೂ ಬರೆದುಕೊಡಲು ಬರಲ್ಲ. ‘ರಾಯಲ್ಟಿ ಬೇಡ’ ಅಂತ ಕಾಗದದಲ್ಲಿ ಬರೆಸಿಕೊಂಡರೂ ಕಾನೂನು ಅದನ್ನು ಒಪ್ಪಲ್ಲ. ಆ ಸೊಸೈಟಿಯ ಹೆಸರು ಐಪಿಆರ್‌ಎಸ್, ಅಲ್ಲಿ ಸದಸ್ಯನಾಗಲು ನೋಡು. ಒಂದು ಎಚ್ಚರ. ನೀನು ಹಾಡುವ ಹಳೆಯ ಪದಗಳು ನಿನ್ನವಲ್ಲ, ಅವು ಊರಿನವು. ಅವನ್ನೂ ಇವನ್ನೂ ಒಂದೇ ಕಾಗದದಲ್ಲಿ ಕಲಸಬೇಡ. ಐದು ಸಾವಿರ ತೆಗೆದುಕೋ, ಅದು ಹಾಡಿದ ಕೂಲಿ. ಬರೆದ ಹಕ್ಕನ್ನು ಅದರ ಜೊತೆ ಕೊಡಬೇಡ. ಕಾಗದವನ್ನು ಒಬ್ಬ ವಕೀಲರಿಗೆ ತೋರಿಸು, ರಾಯಚೂರಿಗೆ ಹೋಗಿ ಬರುವ ಬಸ್ ಚಾರ್ಜು ದಂಡವಾಗಲ್ಲ.

ಲಿಂಗಸುಗೂರಿನ ನಿವೃತ್ತ ಶಿಕ್ಷಕರು: ಈಕೆ ಮಕ್ಕಳಿಗೆ ಪುಸ್ತಕ ಹಂಚುತ್ತಾಳೆ ಎಂದು ಬರೆದಿದ್ದೀರಿ. ಹಾಡುವವರಿಗೆ ಪುಸ್ತಕದ ಗೊಡವೆ ಏಕೆ ತಂಗಿ?

ಮಾಸ್ತರೇ, ಆಕೆಯ ಅಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ. ಬಲು ಬುದ್ಧಿವಂತ ಮನುಷ್ಯ, ಆದರೆ ಅಕ್ಷರ ಬರಲ್ಲ ಅನ್ನುವ ಕೀಳರಿಮೆ ಅವನನ್ನು ಜೀವನಪೂರ್ತಿ ತಿಂದಿತು ಅಂತ ಮಗಳು ಹೇಳುತ್ತಾಳೆ. 1995ರಲ್ಲಿ ತನ್ನ ಜಿಲ್ಲೆಯ ಮಕ್ಕಳಿಗೆ ಹುಟ್ಟಿದಾಗಿನಿಂದ ಐದು ವರ್ಷದವರೆಗೆ ತಿಂಗಳಿಗೊಂದು ಪುಸ್ತಕ ಅಂಚೆಯಲ್ಲಿ ಮನೆಗೇ ಕಳಿಸುವ ಕೆಲಸ ಶುರು ಮಾಡಿದಳು. ಅದು ಈಗ ಹಲವು ದೇಶಕ್ಕೆ ಹಬ್ಬಿ, 20 ಕೋಟಿ ಪುಸ್ತಕ ದಾಟಿದೆ. ಮಕ್ಕಳು ‘ಪುಸ್ತಕದಮ್ಮ’ ಅಂತ ಕರೆಯೋದು ಅಪ್ಪನಿಗೆ ಹಾಡಿಗಿಂತ ಜಾಸ್ತಿ ಹೆಮ್ಮೆ ತಂದಿತ್ತಂತೆ.

ನನಗೆ ಇದನ್ನು ಓದುವಾಗ ನಮ್ಮ ದರೋಜಿ ಈರಮ್ಮ ನೆನಪಾಗುತ್ತಾರೆ. ಸಂಡೂರು ತಾಲ್ಲೂಕಿನ ಬುರ್ರಕಥಾ ಈರಮ್ಮ. ಅಕ್ಷರ ಬರುತ್ತಿರಲಿಲ್ಲ, ಆದರೆ ರಾತ್ರಿಗಟ್ಟಲೆ ಹಾಡುವ ಮಹಾಕಾವ್ಯಗಳು ಬಾಯಲ್ಲಿದ್ದವು. ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಕೊಟ್ಟಿತು. 2014ರಲ್ಲಿ ತೀರಿಕೊಂಡರು. ಅವರು ಹಾಡಿದ್ದನ್ನು ಬೇರೆಯವರು ಕೂತು ಬರೆದುಕೊಂಡದ್ದರಿಂದ ಒಂದಷ್ಟು ಉಳಿದಿದೆ. ಬರೆದುಕೊಳ್ಳುವವರು ಸಿಗದೆ ಹೋದ ಈರಮ್ಮಂದಿರು ನಿಮ್ಮ ಸೀಮೆಯಲ್ಲೂ ಇದ್ದರಲ್ಲ? ನಿವೃತ್ತರಾಗಿದ್ದೀರಿ, ಟೈಮೂ ಇದೆ, ಅಕ್ಷರವೂ ದುಂಡಗಿದೆ. ಸುಮ್ನೆ ಹೇಳಿದೆ.

ಬಳ್ಳಾರಿಯಿಂದ, ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ಕೆಲಸ ಮಾಡುವಾಕೆ: ಮೆಷಿನ್ ಸದ್ದಿಗೆ ನನಗೆ ಪದ ಹುಟ್ಟುತ್ತವೆ ಅಕ್ಕಾ. ಮನೆಗೆ ಹೋಗುವಷ್ಟರಲ್ಲಿ ಮರೆತುಹೋಗುತ್ತವೆ. ಇದೆಲ್ಲ ಹಾಡು ಅನಿಸಿಕೊಳ್ಳುತ್ತಾ?

ಅನಿಸಿಕೊಳ್ಳದೆ ಏನು! ಡಾಲಿ 1980ರಲ್ಲಿ ಆಫೀಸಿನ ಹೆಣ್ಣುಮಕ್ಕಳ ಕಷ್ಟದ ಸಿನಿಮಾದಲ್ಲಿ ನಟಿಸುತ್ತಿದ್ದಳು. ಶೂಟಿಂಗ್ ನಡುವೆ ಸುಮ್ಮನೆ ಕೂತಾಗ ತನ್ನ ಉದ್ದನೆಯ ಅಂಟಿಸಿದ ಉಗುರುಗಳನ್ನು ಒಂದಕ್ಕೊಂದು ತಿಕ್ಕಿದಳು, ಟೈಪ್‌ರೈಟರ್ ಸದ್ದು ಬಂತು. ಅದೇ ತಾಳಕ್ಕೆ ಹಾಡು ಕಟ್ಟಿದಳು. ರೆಕಾರ್ಡಿನಲ್ಲೂ ಆ ಉಗುರಿನ ಸದ್ದು ಇದೆ, ಕವರಿನ ಮೇಲೆ ಉಗುರು ಬಾರಿಸಿದ್ದು ಡಾಲಿ ಅಂತಲೂ ಹಾಕಿದ್ದಾರೆ! ನಿಮ್ಮ ಹೊಲಿಗೆ ಮೆಷಿನ್ ಅದಕ್ಕಿಂತ ಒಳ್ಳೆಯ ವಾದ್ಯ.

ಮರೆಯುವ ಮೊದಲು ಕೈಗೆ ಸಿಕ್ಕ ಚೀಟಿಯ ಹಿಂದೆ ಎರಡು ಸಾಲು ಗೀಚಿ. ಬರೆಯಲು ಬಿಡದಿದ್ದರೆ ಊಟದ ಬಿಡುವಿನಲ್ಲಿ ಫೋನಿಗೆ ಹಾಡಿಡಿ. ಕೆಳಗೆ ತಾರೀಖು ಇರಲಿ, ನಿಮ್ಮ ಹೆಸರೂ ಇರಲಿ. ಒಂದನ್ನು ನಮಗೆ ಕಳಿಸಿ. ಇಲ್ಲಿ ಅಚ್ಚಾದರೆ ‘ಜನಪದ’ ಅಂತ ಹಾಕಲ್ಲ, ಅದು ನನ್ನ ಮಾತು.