ಊರ ನಡುವೆ 40×60 ಸೈಟಿದೆ. ಮಾಡರ್ನ್ ಸ್ಟೂಡೆಂಟ್ ಹಾಸ್ಟೆಲ್ ಕಟ್ಟಬೇಕು. ಒಳಗಿನ ರೂಮುಗಳಿಗೆ ಕಿಟಕಿ ಇಲ್ಲದಿದ್ದರೆ ನಡೆಯುತ್ತಾ?

ನಡೆಯಲ್ಲ. ಎಕ್ಸಾಸ್ಟ್ ಫ್ಯಾನ್ ಹಾಕಿ ರೂಮು ಜಾಸ್ತಿ ಮಾಡೋದು, ಕೆಳಗೆ ಜಿಮ್ಮು, ಕೆಫೆ ಅಂತ ಬರೆದಿದ್ದೀರಿ. ಇದೇ ಲೆಕ್ಕ ಹಾಕಿ ಕೈ ಸುಟ್ಟುಕೊಂಡವನು ನಾನು.

ನನ್ನ ಕಟ್ಟಡ ಇರುವುದು ಧಾರವಾಡದ ಸಪ್ತಾಪುರದಲ್ಲಿ. ಓಣಿ ತುಂಬ ಕೋಚಿಂಗ್ ಕ್ಲಾಸುಗಳು. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ಓದೋಕೆ ಬೀದರ್, ವಿಜಯಪುರದಿಂದೆಲ್ಲ ಹುಡುಗರು ಬರುತ್ತಾರೆ. ರೂಮು ಖಾಲಿ ಉಳಿಯಲ್ಲ ಅನ್ನೋ ಧೈರ್ಯ. ಆರ್ಕಿಟೆಕ್ಟ್ ಹಿಂಬದಿಗೆ ನಾಲ್ಕಡಿ ಅಗಲದ ಉದ್ದ ಬಾಲ್ಕನಿ ಕೊಟ್ಟಿದ್ದರು. ಅದನ್ನು ಒಳಗೆ ಸೇರಿಸಿದರೆ ಮಹಡಿಗೊಂದು ರೂಮು ಲಾಭ ಅಂತ ನಾನೇ ತೆಗೆಸಿದೆ. ಬಟ್ಟೆ ಒಣಗಿಸೋದೆಲ್ಲಿ ಅಂತ ಅವರು ಕೇಳಿದರು. ತಾರಸಿ ಇದೆಯಲ್ಲ ಅಂದೆ.

ಧಾರವಾಡದ ಮಳೆ ಗೊತ್ತಲ್ವಾ? ಜೋರಾಗಿ ಹೊಡೆದು ನಿಲ್ಲೋದಲ್ಲ, ದಿನಗಟ್ಟಲೆ ಜಿಟಿಜಿಟಿ. ತಾರಸಿಯಲ್ಲಿ ಏನೂ ಒಣಗಲ್ಲ. ಹುಡುಗರು ಕಿಟಕಿ ಸರಳಿನಿಂದ ಕಪಾಟಿನ ಹಿಡಿಕೆಗೆ ದಾರ ಕಟ್ಟಿದರು. ಒಂದೇ ರೂಮಿನಲ್ಲಿ ಮೂರು ಜನರ ಜೀನ್ಸು, ಟವೆಲ್ಲು, ಬನಿಯನ್ನು. ಬಟ್ಟೆಯ ನೀರು ಗಾಳಿಗೆ ಸೇರುತ್ತೆ, ಗಾಳಿಯಿಂದ ತಣ್ಣಗಿನ ಹೊರಗೋಡೆಗೆ ಹೋಗಿ ಕೂರುತ್ತೆ. ಮಂಚದ ಹಿಂದೆ, ಕಪಾಟಿನ ಹಿಂದೆ, ಗಾಳಿ ಆಡದ ಕಡೆಯೆಲ್ಲ ಮೊದಲು ಕಪ್ಪು ಚುಕ್ಕೆ. ನೋಡನೋಡುತ್ತಾ ಅಂಗೈ ಅಗಲದ ಬೂಷ್ಟು. ಗೈಡ್ ಪುಸ್ತಕಗಳ ರಟ್ಟಿಗೂ ಹತ್ತಿತು.

ನನಗೆ ಪೈಪ್ ಲೀಕೇಜ್ ಅನ್ನೋ ಅನುಮಾನ. ಬಾತ್‌ರೂಮಿನ ಟೈಲ್ಸ್ ಒಡೆಸಿದೆ. ಒಂದು ಹನಿ ಲೀಕ್ ಇರಲಿಲ್ಲ. ಆಮೇಲೆ ಹೊರಗೋಡೆಗೆ ವಾಟರ್‌ಪ್ರೂಫ್ ಪೇಂಟು. ತೇವ ಹುಟ್ಟುತ್ತಿರೋದು ಒಳಗೆ, ಹೊರಗೆ ಬಳಿದ ಪೇಂಟ್ ಏನು ಮಾಡುತ್ತೆ? ಗಣೇಶ ಹಬ್ಬಕ್ಕೆ ಊರಿಗೆ ಹೋದವರಲ್ಲಿ ಅರ್ಧ ಜನ ವಾಪಸ್ ಬಂದದ್ದೇ ಅಡ್ವಾನ್ಸ್ ಕೇಳೋಕೆ. ಕೊನೆಗೆ ಪ್ರತಿ ಮಹಡಿಯಲ್ಲೂ ಹಿಂದಿನ ಮೂಲೆ ರೂಮಿನ ಗೋಡೆ ತೆಗೆಸಿ, ಜಾಲರಿ ಹಾಕಿಸಿ, ಬಟ್ಟೆ ಒಣಗಿಸೋ ಜಾಗ ಮಾಡಿದೆ. ಲಾಭದ ರೂಮು ಹೋಯಿತು, ಒಡೆಸಿದ ಖರ್ಚು ಮೇಲೆ ಬಂತು.

ಕಿಟಕಿ ಇದ್ದ ರೂಮುಗಳ ಕಥೆ ಇದು! ನಿಮ್ಮ ಒಳರೂಮುಗಳಲ್ಲಿ ಕರೆಂಟ್ ಹೋದರೆ ಫ್ಯಾನೂ ಇಲ್ಲ, ಗಾಳಿಯೂ ಇಲ್ಲ. ದುಡ್ಡಿದ್ದವರಿಗೂ ಇದು ದಕ್ಕಿಲ್ಲ. ಅಮೆರಿಕದ ಸಾಂತಾ ಬಾರ್ಬರಾದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಚಾರ್ಲಿ ಮಂಗರ್ ಅನ್ನೋ ಶತಕೋಟ್ಯಧಿಪತಿ 20 ಕೋಟಿ ಡಾಲರ್ ಕೊಡ್ತೀನಿ ಅಂದ. ತನ್ನ ಪ್ಲಾನಿನಂತೆಯೇ ಕಟ್ಟಬೇಕು ಅನ್ನೋದು ಷರತ್ತು. ಸುಮಾರು 4,500 ವಿದ್ಯಾರ್ಥಿಗಳ ಹಾಸ್ಟೆಲ್, ಬಹುಪಾಲು ರೂಮುಗಳಿಗೆ ಕಿಟಕಿಯೇ ಇಲ್ಲ, ಬದಲಿಗೆ ಕೃತಕ ಬೆಳಕು. 2021ರಲ್ಲಿ ವಿನ್ಯಾಸ ಸಮಿತಿಯ ಆರ್ಕಿಟೆಕ್ಟ್ ಒಬ್ಬರು ಇದನ್ನು ವಿರೋಧಿಸಿ ರಾಜೀನಾಮೆ ಕೊಟ್ಟರು. 2023ರಲ್ಲಿ ವಿಶ್ವವಿದ್ಯಾಲಯವೇ ಆ ಪ್ಲಾನ್ ಕೈಬಿಟ್ಟಿತು.

ಇನ್ನು ಜಿಮ್ಮು, ಕೆಫೆ. ಮಾಡರ್ನ್ ಅಂದರೆ ಅವೇ ಅಂತ ಯಾರು ಹೇಳಿದರು? ನಮ್ಮ ಹುಡುಗರು ರೂಮಿನ ಬಾಡಿಗೆ ಕೊಟ್ಟ ಮೇಲೂ ಬೇರೆ ದುಡ್ಡು ಕೊಟ್ಟು ಪಕ್ಕದ ರೀಡಿಂಗ್ ರೂಮಿನಲ್ಲಿ ಮಧ್ಯರಾತ್ರಿವರೆಗೆ ಕೂರುತ್ತಾರೆ. ನೆಲಮಹಡಿಯಲ್ಲಿ ಅದನ್ನೇ ಮಾಡಿ. ಟೇಬಲ್ಲಿಗೊಂದು ಪ್ಲಗ್ ಪಾಯಿಂಟ್, ಕರೆಂಟ್ ಹೋದರೆ ಇನ್ವರ್ಟರ್.

ಯಾವ ಊರು ಅಂತ ನೀವು ಬರೆದಿಲ್ಲ. ರಾಯಚೂರು, ಬಳ್ಳಾರಿ ಕಡೆಯಾದರೆ ಬಟ್ಟೆಯ ಚಿಂತೆ ಕಡಿಮೆ, ಪಡುವಣ ಬಿಸಿಲಿಗೆ ನೆರಳು ಬೇಕು. ಮಲೆನಾಡಿನ ಸೆರಗಿನ ಊರಾದರೆ ಬಾಲ್ಕನಿಗೆ ಕೈ ಹಚ್ಚಬೇಡಿ. ಪ್ಲಾನಿನ ಫೋಟೋ ಹಾಕಿ, ನೋಡಿ ಹೇಳ್ತೀನಿ.