ಕಣ್ಣಿನ ಮಾತು: ಮಗು ಹೇಳದ ಮಸುಕು

ಶಾಲೆಗಳಲ್ಲಿ ಆರೋಗ್ಯ ತಪಾಸಣೆ ನಡೆಯುವ ದಿನಗಳಿವು. ಹಾಗಾಗಿ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಮಕ್ಕಳ ಕಣ್ಣಿಗೆ ಸಂಬಂಧಿಸಿದವು. ಆಯ್ದ ನಾಲ್ಕಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಮೊದಲನೆಯ ಪತ್ರದ ಸಂದೇಹ ಬಹಳ ಮನೆಗಳಲ್ಲಿರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನನ್ನ ಮಗಳಿಗೆ ಆರು ವರ್ಷ. ಶಾಲೆಗೆ ಬಂದ ಆರೋಗ್ಯ ತಂಡದವರು ಅವಳ ಎಡಗಣ್ಣಿನ ದೃಷ್ಟಿ ಕಡಿಮೆಯಿದೆ ಎಂದು ಚೀಟಿ ಬರೆದುಕೊಟ್ಟರು. ಆಸ್ಪತ್ರೆಯಲ್ಲಿ ಬಲಗಣ್ಣು 6/6, ಎಡಗಣ್ಣು 6/24 ಎಂದು ಬರೆದಿದ್ದಾರೆ. ಮೂರು ದಿನ ಮುಲಾಮು ಹಾಕಿ ಮತ್ತೆ ಕರೆತನ್ನಿ, ಆಮೇಲೆ ಕನ್ನಡಕ ಕೊಡುತ್ತೇವೆ, ಒಳ್ಳೆಯ ಕಣ್ಣಿಗೆ ಪಟ್ಟಿ ಹಾಕಬೇಕಾಗಬಹುದು ಎಂದೂ ಹೇಳಿದ್ದಾರೆ. ಮಗಳು ಮಲ್ಲಿಗೆ ಮಾಲೆ ಕಟ್ಟುತ್ತಾಳೆ, ಟಿ.ವಿ. ನೋಡುತ್ತಾಳೆ, ಒಂದು ದಿನವೂ ಕಣ್ಣು ಕಾಣುವುದಿಲ್ಲ ಎಂದವಳಲ್ಲ. ಕನ್ನಡಕ ಒಮ್ಮೆ ಹಾಕಿದರೆ ನಂಬರು ಏರುತ್ತಲೇ ಹೋಗುತ್ತದೆ ಎಂದು ಅತ್ತೆಯವರು ಬೇಡವೆನ್ನುತ್ತಾರೆ. ಪೇಟೆಯ ಕನ್ನಡಕದ ಅಂಗಡಿಯಲ್ಲಿ ಮುಲಾಮಿಲ್ಲದೆಯೇ ಕಂಪ್ಯೂಟರ್ ಪರೀಕ್ಷೆ ಮಾಡುತ್ತಾರಂತೆ, ಅದು ಸಾಲದೇ?
— ಒಬ್ಬ ತಾಯಿ, ಸಾಗರ ತಾಲ್ಲೂಕು

ಉತ್ತರ: ಮಗಳು ದೂರು ಹೇಳದಿರುವುದು ಸಹಜ. ಎರಡು ಕಣ್ಣೂ ತೆರೆದಿರುವಾಗ ಬಲಗಣ್ಣೇ ಎಲ್ಲ ಕೆಲಸವನ್ನೂ ಮಾಡಿಬಿಡುತ್ತದೆ. ಎಡಗಣ್ಣಿನಿಂದ ಸ್ಪಷ್ಟವಾಗಿ ನೋಡಿ ಅಭ್ಯಾಸವೇ ಇಲ್ಲದ ಮಗುವಿಗೆ ತಾನು ಏನನ್ನು ಕಳೆದುಕೊಂಡಿದ್ದೇನೆ ಎಂಬುದು ತಿಳಿಯುವುದಾದರೂ ಹೇಗೆ? 6/24 ಎಂದರೆ ಸಾಧಾರಣ ಕಣ್ಣು 24 ಮೀಟರ್ ದೂರದಿಂದ ಓದಬಲ್ಲ ಅಕ್ಷರವನ್ನು ಅವಳ ಎಡಗಣ್ಣು 6 ಮೀಟರ್ ದೂರದಿಂದಷ್ಟೇ ಓದುತ್ತದೆ ಎಂದರ್ಥ. ಮಕ್ಕಳ ದೃಷ್ಟಿಯನ್ನು ಒಂದೊಂದೇ ಕಣ್ಣು ಮುಚ್ಚಿ ಪರೀಕ್ಷಿಸಬೇಕು ಎನ್ನುವುದು ಇದಕ್ಕಾಗಿಯೇ. ಮುಚ್ಚುವಾಗಲೂ ಬೆರಳ ಸಂದಿಯಿಂದ ಇಣುಕದಂತೆ ಅಂಗೈಯಿಂದ ಮುಚ್ಚಿಸಬೇಕು. ಮಕ್ಕಳು ಈ ವಿಷಯದಲ್ಲಿ ಬಹಳ ಜಾಣರು.

ಎರಡು ಕಣ್ಣುಗಳ ಪವರ್ ನಡುವೆ ದೊಡ್ಡ ಅಂತರವಿದ್ದಾಗ ಮಿದುಳು ಸ್ಪಷ್ಟ ಚಿತ್ರವನ್ನು ಉಳಿಸಿಕೊಂಡು ಮಸುಕಾದದ್ದನ್ನು ನಿರ್ಲಕ್ಷಿಸಲು ಕಲಿಯುತ್ತದೆ. ಇದನ್ನು ಆಂಬ್ಲಿಯೋಪಿಯಾ ಎನ್ನುತ್ತೇವೆ, ಆಡುಮಾತಿನಲ್ಲಿ ಸೋಮಾರಿ ಕಣ್ಣು. ಹೊರಗಿನಿಂದ ನೋಡಿದರೆ ಕಣ್ಣಿನಲ್ಲಿ ಯಾವ ದೋಷವೂ ಕಾಣುವುದಿಲ್ಲ. ನಿಮ್ಮ ಮಗಳದೂ ಇದೇ ಇರಬಹುದೆಂದು ಪತ್ರದಿಂದ ತೋರುತ್ತದೆಯಾದರೂ, ಖಚಿತಪಡಿಸಬೇಕಾದವರು ಅವಳನ್ನು ಪರೀಕ್ಷಿಸುವ ವೈದ್ಯರು. ದೃಷ್ಟಿಯ ನರವ್ಯವಸ್ಥೆ ಬಾಲ್ಯದಲ್ಲಿ ರೂಪುಗೊಳ್ಳುವುದರಿಂದ ಏಳೆಂಟು ವರ್ಷದೊಳಗೆ ಚಿಕಿತ್ಸೆ ಆರಂಭಿಸಿದರೆ ಫಲ ಚೆನ್ನಾಗಿರುತ್ತದೆ, ತಡವಾದಷ್ಟೂ ಕಷ್ಟ. ‘ದೊಡ್ಡವಳಾದ ಮೇಲೆ ನೋಡೋಣ’ ಎಂದು ಮುಂದೂಡಿದರೆ ಆಗ ಕನ್ನಡಕ ಹಾಕಿದರೂ ಆ ಕಣ್ಣು ಪೂರ್ತಿ ಚೇತರಿಸಿಕೊಳ್ಳದೆ ಹೋಗಬಹುದು.

ಇನ್ನು ಮುಲಾಮಿನ ವಿಷಯ. ಮಕ್ಕಳ ಕಣ್ಣಿನೊಳಗಿನ ಮಸೂರವನ್ನು ಹೊಂದಿಸುವ ಸ್ನಾಯು ಬಹಳ ಚುರುಕಾಗಿರುತ್ತದೆ. ಯಂತ್ರದೊಳಗಿನ ಚಿತ್ರವನ್ನು ನೋಡುವಾಗ ಮಗು ತನಗೆ ಗೊತ್ತಿಲ್ಲದೆಯೇ ಆ ಸ್ನಾಯುವನ್ನು ಬಿಗಿಹಿಡಿಯುತ್ತದೆ. ಆಗ ಇರುವ ಪ್ಲಸ್ ಪವರ್ ಅಡಗಿಹೋಗಿ ಕಡಿಮೆ ತೋರುತ್ತದೆ, ಕೆಲವೊಮ್ಮೆ ಇಲ್ಲದ ಮೈನಸ್ ಕೂಡ ಕಾಣಿಸುತ್ತದೆ. ಅಟ್ರೋಪಿನ್ ಮುಲಾಮು ಆ ಸ್ನಾಯುವನ್ನು ತಾತ್ಕಾಲಿಕವಾಗಿ ಸಡಿಲಗೊಳಿಸುತ್ತದೆ. ಆ ಬಳಿಕ ವೈದ್ಯರು ರೆಟಿನೋಸ್ಕೋಪಿನ ಬೆಳಕಿನ ಗೆರೆಯನ್ನು ಕಣ್ಣೊಳಗೆ ಆಡಿಸಿ, ಅದರ ಪ್ರತಿಫಲನ ಯಾವ ಕಡೆಗೆ ಸರಿಯುತ್ತದೆ ಎಂಬುದನ್ನು ನೋಡಿ ಪವರನ್ನು ಅಳೆಯುತ್ತಾರೆ. ಮಗು ಬಾಯಿ ಬಿಡಬೇಕಾಗಿಯೇ ಇಲ್ಲ. ಎಳೆಕೂಸಿಗೂ ಈ ಪರೀಕ್ಷೆ ಸಾಧ್ಯ. ಆದ್ದರಿಂದ ಅಂಗಡಿಯ ಯಂತ್ರದ ಚೀಟಿಯನ್ನಷ್ಟೇ ನಂಬಿ ಈ ವಯಸ್ಸಿನ ಮಗುವಿಗೆ ಕನ್ನಡಕ ಮಾಡಿಸಬೇಡಿ.

ಮುಲಾಮು ಹಾಕಿದ ಮೇಲೆ ಕಣ್ಣುಪಾಪೆ ಹಿಗ್ಗಿ ಬಿಸಿಲು ಕುಕ್ಕುತ್ತದೆ, ಹತ್ತಿರದ ಅಕ್ಷರಗಳು ಮಸುಕಾಗುತ್ತವೆ. ಪರಿಣಾಮ ಹತ್ತು ಹದಿನೈದು ದಿನ ಇರಬಹುದಾದ್ದರಿಂದ ಶಾಲೆಯ ಪರೀಕ್ಷೆಗಳ ವಾರವನ್ನು ತಪ್ಪಿಸಿ ಹಾಕಿದರೆ ಒಳ್ಳೆಯದು. ಬಟಾಣಿ ಕಾಳಿಗಿಂತ ಕಡಿಮೆ ಮುಲಾಮು ಸಾಕು. ಹಾಕಿದ ಬಳಿಕ ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಒಂದೆರಡು ನಿಮಿಷ ಮೆಲ್ಲನೆ ಒತ್ತಿ ಹಿಡಿಯಿರಿ, ನಿಮ್ಮ ಕೈಯನ್ನೂ ಮಗುವಿನ ಕೈಯನ್ನೂ ತೊಳೆಯಿರಿ, ಟ್ಯೂಬನ್ನು ಮಕ್ಕಳ ಕೈಗೆ ಎಟುಕದಂತೆ ಇಡಿ. ಮುಖ ಕೆಂಪೇರಿ ಜ್ವರ ಬಂದರೆ ಅಥವಾ ಮಗು ತಡಬಡಿಸಿ ಮಾತಾಡತೊಡಗಿದರೆ ಮುಲಾಮು ನಿಲ್ಲಿಸಿ ಕೂಡಲೇ ವೈದ್ಯರಿಗೆ ತಿಳಿಸಬೇಕು.

ಆಂಬ್ಲಿಯೋಪಿಯಾ ಹೌದಾದರೆ ಮೊದಲ ಕೆಲವು ವಾರ ಕನ್ನಡಕವೊಂದರಿಂದಲೇ ದೃಷ್ಟಿ ಸ್ವಲ್ಪ ಏರುವುದುಂಟು. ಅದು ನಿಂತಾಗ ಒಳ್ಳೆಯ ಕಣ್ಣಿಗೆ ಪಟ್ಟಿ ಹಾಕಿ ಮಂದವಾದ ಕಣ್ಣಿನಿಂದ ಕೆಲಸ ಮಾಡಿಸುತ್ತೇವೆ. ದಿನಕ್ಕೆ ಎಷ್ಟು ಹೊತ್ತು ಎಂಬ ಭಯ ತಾಯಂದಿರಲ್ಲಿ ಇದ್ದೇ ಇರುತ್ತದೆ. ಅಮೆರಿಕದ ಮಕ್ಕಳ ನೇತ್ರತಜ್ಞರ ತಂಡವೊಂದು 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಏಳು ವರ್ಷದೊಳಗಿನ ಮಕ್ಕಳ ಮಧ್ಯಮ ಪ್ರಮಾಣದ ತೊಂದರೆಯಲ್ಲಿ ದಿನಕ್ಕೆ ಎರಡು ಗಂಟೆಯ ಪಟ್ಟಿ ಆರು ಗಂಟೆಯ ಪಟ್ಟಿಯಷ್ಟೇ ಫಲ ಕೊಟ್ಟಿತು. ಪಟ್ಟಿಯನ್ನು ಕನ್ನಡಕದ ಗಾಜಿಗಲ್ಲ, ಚರ್ಮಕ್ಕೆ ಅಂಟಿಸಿ, ಅದರ ಮೇಲೆ ಕನ್ನಡಕ ಹಾಕಿಸಿ. ಆ ಎರಡು ಗಂಟೆಗಳಲ್ಲಿ ಮಾಲೆ ಕಟ್ಟಲಿ, ಚೌಕಾಬಾರ ಆಡಲಿ, ಅಜ್ಜಿಯ ಜೊತೆ ಕೂತು ಅಕ್ಕಿ ಆರಿಸಲಿ. ಅತ್ತೆಯವರನ್ನು ಒಪ್ಪಿಸಲು ಇದಕ್ಕಿಂತ ಸುಲಭದ ದಾರಿ ನನಗೆ ತೋಚುತ್ತಿಲ್ಲ. ನಂಬರು ಏರುವುದು ಕಣ್ಣುಗುಡ್ಡೆ ಬೆಳೆಯುವ ರೀತಿಯಿಂದಲೇ ಹೊರತು ಕನ್ನಡಕದಿಂದಲ್ಲ ಎಂಬುದನ್ನೂ ಅವರಿಗೆ ಹೇಳಿ.

ಪ್ರಶ್ನೆ: ನಮ್ಮ ಹತ್ತು ತಿಂಗಳ ಗಂಡುಮಗುವಿನ ಒಂದು ಕಣ್ಣು ಆಗಾಗ ಮೂಗಿನ ಕಡೆಗೆ ತಿರುಗಿದಂತೆ ಕಾಣುತ್ತದೆ. ಮೆಳ್ಳೆಗಣ್ಣು ಅದೃಷ್ಟದ ಲಕ್ಷಣ, ತಾನಾಗಿ ಸರಿಹೋಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ಕಾಯಬಹುದೇ?
— ಒಬ್ಬ ತಂದೆ, ರಾಣೆಬೆನ್ನೂರು

ಉತ್ತರ: ಕಾಯಬೇಡಿ. ಮೊದಲ ಮೂರು ನಾಲ್ಕು ತಿಂಗಳು ಕೂಸಿನ ಕಣ್ಣು ಆಗೊಮ್ಮೆ ಈಗೊಮ್ಮೆ ಅಡ್ಡಹೋಗುವುದು ಸಹಜ, ಹತ್ತನೇ ತಿಂಗಳಲ್ಲಿ ಅಲ್ಲ. ಮೂಗಿನ ಸೇತುವೆ ಚಪ್ಪಟೆಯಾಗಿರುವ ಕೂಸುಗಳಲ್ಲಿ ಮೆಳ್ಳೆ ಇಲ್ಲದಿದ್ದರೂ ಇದ್ದಂತೆ ಕಾಣುವುದುಂಟು. ಅದು ಬರಿಯ ಭ್ರಮೆಯೋ ನಿಜವೋ ಎಂಬುದನ್ನು ನೇತ್ರವೈದ್ಯರು ಟಾರ್ಚು ಹಿಡಿದು, ಎರಡೂ ಪಾಪೆಗಳಲ್ಲಿ ಬೆಳಕಿನ ಬಿಂದು ಎಲ್ಲಿ ಬೀಳುತ್ತದೆ ಎಂದು ನೋಡಿ ತಿಳಿಯುತ್ತಾರೆ. ನಿಜವಾದ ಮೆಳ್ಳೆಗಣ್ಣು ಮೇಲೆ ಹೇಳಿದ ಆಂಬ್ಲಿಯೋಪಿಯಾಕ್ಕೆ ದಾರಿಮಾಡುತ್ತದೆ. ಮನೆಯಲ್ಲಿ ಫ್ಲ್ಯಾಶ್ ಹಾಕಿ ತೆಗೆದ ಫೋಟೊಗಳನ್ನೂ ನೋಡಿ: ಒಂದು ಪಾಪೆ ಕೆಂಪಗೆ, ಇನ್ನೊಂದು ಬೆಳ್ಳಗೆ ಹೊಳೆಯುತ್ತಿದ್ದರೆ ವಾರಗಟ್ಟಲೆ ಕಾಯದೆ ತಕ್ಷಣ ತೋರಿಸಬೇಕು. ಹುಟ್ಟಿನಿಂದ ಬಂದ ಕಣ್ಣಿನ ಪೊರೆಯಲ್ಲಿಯೂ, ರೆಟಿನೋಬ್ಲಾಸ್ಟೋಮಾ ಎಂಬ ಕ್ಯಾನ್ಸರಿನಲ್ಲಿಯೂ ಇಂಥ ಬಿಳಿ ಹೊಳಪು ಕಾಣುತ್ತದೆ, ಆ ಕ್ಯಾನ್ಸರು ಕೆಲವೊಮ್ಮೆ ಮೆಳ್ಳೆಗಣ್ಣಾಗಿಯೇ ಮೊದಲು ಕಾಣಿಸಿಕೊಳ್ಳುತ್ತದೆ.

ಪ್ರಶ್ನೆ: ನನ್ನ ಮೊಮ್ಮಗಳು 31 ವಾರಕ್ಕೇ ಹುಟ್ಟಿದಳು, ತೂಕ 1,500 ಗ್ರಾಂ. ಈಗ ಮೂರು ವಾರವಾಗಿದೆ. ಆಸ್ಪತ್ರೆಯಿಂದ ಕಳಿಸುವಾಗ ತಿಂಗಳು ತುಂಬುವುದರೊಳಗೆ ಕಣ್ಣಿನ ಪರೀಕ್ಷೆ ಮಾಡಿಸಿ ಎಂದಿದ್ದಾರೆ. ಮಗು ಕಣ್ಣು ಚೆನ್ನಾಗಿಯೇ ಬಿಡುತ್ತದೆ. ಇಷ್ಟು ಎಳೆಯದನ್ನು ಹೊರಗೆ ಒಯ್ಯುವ ಬದಲು ಮೂರು ತಿಂಗಳಾದ ಮೇಲೆ ಹೋದರಾಗದೇ?
— ಒಬ್ಬ ಅಜ್ಜಿ, ಸಿಂಧನೂರು

ಉತ್ತರ: ಅಮ್ಮಾ, ಮೂರು ತಿಂಗಳೆಂದರೆ ತಡವಾಗಿಬಿಡಬಹುದು. ಅವಧಿಗೆ ಮುನ್ನ ಹುಟ್ಟಿದ ಕೂಸಿನ ಅಕ್ಷಿಪಟದಲ್ಲಿ, ಅಂದರೆ ಕಣ್ಣಿನ ಹಿಂಭಾಗದ ರೆಟಿನಾ ಪದರದಲ್ಲಿ, ರಕ್ತನಾಳಗಳು ಪೂರ್ತಿ ಬೆಳೆದಿರುವುದಿಲ್ಲ. ಹೊರಗೆ ಬಂದ ಮೇಲೆ ಅವು ಅಡ್ಡಾದಿಡ್ಡಿಯಾಗಿ ಬೆಳೆದು ಅಕ್ಷಿಪಟವನ್ನೇ ಎಳೆದು ಕಿತ್ತುಬಿಡುವ ಅಪಾಯವಿದೆ. ಇದಕ್ಕೆ ಆರ್.ಒ.ಪಿ. (ರೆಟಿನೋಪತಿ ಆಫ್ ಪ್ರಿಮೆಚ್ಯೂರಿಟಿ) ಎನ್ನುತ್ತಾರೆ. ಕಣ್ಣಿನ ಹೊರಮೈಯಲ್ಲಿ ಆರಂಭದಲ್ಲಿ ಏನೂ ಕಾಣದು. ನಮ್ಮ ದೇಶದ ಮಾರ್ಗಸೂಚಿಯಂತೆ 34 ವಾರಕ್ಕೆ ಮೊದಲು ಹುಟ್ಟಿದ ಅಥವಾ 2,000 ಗ್ರಾಂಗಿಂತ ಕಡಿಮೆ ತೂಗುವ ಕೂಸುಗಳಿಗೆ ಹುಟ್ಟಿದ 30 ದಿನಗಳೊಳಗೆ ಮೊದಲ ಪರೀಕ್ಷೆ ಆಗಲೇಬೇಕು. 28 ವಾರಕ್ಕೂ ಮೊದಲು ಹುಟ್ಟಿದವಕ್ಕೆ ಅಥವಾ 1,200 ಗ್ರಾಂಗಿಂತ ಕಡಿಮೆ ಇರುವವಕ್ಕೆ ಇನ್ನೂ ಬೇಗ, ಎರಡು ಮೂರು ವಾರಕ್ಕೇ. ತೊಂದರೆ ತೀವ್ರವಾಗಿದ್ದರೆ ಎರಡು ಮೂರು ದಿನಗಳೊಳಗೆ ಲೇಸರ್ ಅಥವಾ ಚುಚ್ಚುಮದ್ದಿನ ಚಿಕಿತ್ಸೆ ಕೊಡಬೇಕಾಗುತ್ತದೆ. ಮೊದಲ ಸಲ ಸರಿಯಿದೆ ಎಂದ ಮಾತ್ರಕ್ಕೆ ನಿಲ್ಲಿಸಬಾರದು. ರಕ್ತನಾಳಗಳು ಪೂರ್ತಿ ಬೆಳೆದಿವೆ ಎಂದು ವೈದ್ಯರು ಹೇಳುವವರೆಗೂ ಕರೆದ ದಿನಕ್ಕೆ ಹೋಗಬೇಕು.

ದೂರದ ಊರಿನವರ ಕಷ್ಟ ಅರ್ಥವಾಗುತ್ತದೆ. ಬೆಂಗಳೂರಿನ ನಾರಾಯಣ ನೇತ್ರಾಲಯವು 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೇ ಹೋಗಿ ಅಕ್ಷಿಪಟದ ಚಿತ್ರ ತೆಗೆದು ತಜ್ಞರಿಗೆ ಕಳಿಸುತ್ತಾರೆ. ನಿಮಗೆ ಹತ್ತಿರದ ಪರೀಕ್ಷೆ ಎಲ್ಲಿ, ಯಾವ ದಿನ ಎಂಬುದನ್ನು ಹೆರಿಗೆಯಾದ ಆಸ್ಪತ್ರೆಯ ಶಿಶುತಜ್ಞರನ್ನು ಇವತ್ತೇ ಕೇಳಿ.

ಪ್ರಶ್ನೆ: ಎಂಟನೇ ತರಗತಿಯ ಮಗನ ಮೈನಸ್ ನಂಬರು ಮೂರು ವರ್ಷಗಳಿಂದ ಏರುತ್ತಿದೆ. ಪೂರ್ತಿ ನಂಬರಿನ ಬದಲು ಸ್ವಲ್ಪ ಕಡಿಮೆಯ ಕನ್ನಡಕ ಕೊಡಿಸಲೇ? ಹೊನಗೊನ್ನೆ ಸೊಪ್ಪು, ಕ್ಯಾರೆಟ್ ಕೊಡುತ್ತಿದ್ದೇನೆ.
— ಓದುಗರೊಬ್ಬರು, ಮೈಸೂರು

ಉತ್ತರ: ಸೊಪ್ಪು, ಕ್ಯಾರೆಟ್ ಧಾರಾಳವಾಗಿ ಕೊಡಿ. ಎ ಜೀವಸತ್ವದ ಕೊರತೆಯಿಂದ ಬರುವ ಇರುಳುಗುರುಡನ್ನು ಅವು ತಡೆಯುತ್ತವೆ, ಆದರೆ ಮೈನಸ್ ನಂಬರನ್ನು ಇಳಿಸುವುದಿಲ್ಲ. ಮೈನಸ್ ನಂಬರು ಬೇಕಾಗುವ ಈ ಸಮೀಪದೃಷ್ಟಿಯಲ್ಲಿ ಕಣ್ಣುಗುಡ್ಡೆಯೇ ಉದ್ದವಾಗುತ್ತದೆ, ಒಂದು ಮಿಲಿಮೀಟರ್ ಹೆಚ್ಚಾದರೆ ಪವರ್ ಎರಡೂವರೆ ಮೂರರಷ್ಟು ಬದಲಾಗುತ್ತದೆ. ಕಡಿಮೆ ನಂಬರಿನ ಕನ್ನಡಕದಿಂದ ಉಪಕಾರವಿಲ್ಲ. ಮಲೇಷ್ಯಾದಲ್ಲಿ ನಡೆದ ಒಂದು ಅಧ್ಯಯನದಲ್ಲಿ ಹಾಗೆ ಮಾಡಿದ ಮಕ್ಕಳ ನಂಬರು ಇನ್ನೂ ಬೇಗ ಏರಿತು. ಪೂರ್ತಿ ನಂಬರನ್ನೇ ಕೊಡಿಸಿ.

ದಿನಕ್ಕೆ ಎರಡು ಗಂಟೆ ಹಗಲು ಬೆಳಕಿನಲ್ಲಿ ಹೊರಗಿರುವುದು ಮುಖ್ಯವಾಗಿ ಸಮೀಪದೃಷ್ಟಿ ಶುರುವಾಗದಂತೆ ತಡೆಯುತ್ತದೆ. ತೈವಾನ್ 2010ರಿಂದ ಶಾಲಾಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಾಂಗಣಕ್ಕೆ ಕಳಿಸುವ ಕಾರ್ಯಕ್ರಮ ಹಾಕಿಕೊಂಡ ನಂತರ, ಏರುತ್ತಲೇ ಬಂದಿದ್ದ ದೃಷ್ಟಿಮಾಂದ್ಯದ ಪ್ರಮಾಣ ಇಳಿಯತೊಡಗಿತು. ಈಗಾಗಲೇ ಏರುತ್ತಿರುವ ನಂಬರಿಗೆ ಅಷ್ಟೇ ಸಾಲದಿರಬಹುದು. ಮೊದಲ ಪತ್ರದಲ್ಲಿ ಬಂದ ಅಟ್ರೋಪಿನ್ನನ್ನೇ ಶೇಕಡಾ 0.01ರಿಂದ 0.05ರವರೆಗಿನ ಬಹು ತೆಳುವಾದ ಹನಿಯಾಗಿ ರಾತ್ರಿ ಹಾಕಿದರೆ ಏರಿಕೆಯ ವೇಗ ತಗ್ಗಬಲ್ಲದು. ಅದು ನಿಮ್ಮ ಮಗನಿಗೆ ಬೇಕೇ ಎಂಬುದನ್ನು ವೈದ್ಯರು ಆರು ತಿಂಗಳಿಗೊಮ್ಮೆ ಕಣ್ಣಿನ ಉದ್ದವನ್ನು ಅಳೆದು ನಿರ್ಧರಿಸಲಿ. ಮುಂದಿನ ಬಾರಿ ಹೋಗುವಾಗ ಹಳೆಯ ಕನ್ನಡಕದ ಚೀಟಿಗಳನ್ನೆಲ್ಲ ಜೊತೆಗೆ ಒಯ್ಯಿರಿ, ತಮ್ಮ ತಂಗಿಯರಿದ್ದರೆ ಅವರನ್ನೂ ಕರೆದುಕೊಂಡು ಹೋಗಿ.