ಬೊಂಬೆ ಅಲುಗಾಡುತ್ತದೆ, ಜೀವ ಬರುತ್ತಿಲ್ಲ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಕಾರ್ಟೂನ್ ಅನಿಮೇಷನ್ ಈಗಷ್ಟೇ ಶುರು ಮಾಡಿದವರದ್ದು. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಒಂದೇ ಉತ್ತರ ಕೊಟ್ಟಿದ್ದೇನೆ. ಪಾತ್ರ ಹೇಗೆ ಕಾಣಬೇಕು ಅಂತ ಎಲ್ಲರೂ ತಲೆ ಕೆಡಿಸಿಕೊಂಡಿದ್ದೀರಿ. ಅದರ ತೂಕ ಎಷ್ಟು ಅಂತ ಯೋಚಿಸಿದವರು ಮಾತ್ರ ಕಾಣಲಿಲ್ಲ. ನನ್ನ ಉತ್ತರಗಳು ಸುತ್ತಿ ಸುತ್ತಿ ಅಲ್ಲಿಗೇ ಬಂದರೆ ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಯಾವ ಸಾಫ್ಟ್‌ವೇರ್‌ನಿಂದ ಶುರು ಮಾಡಲಿ? ಸಾಧಾರಣ ಲ್ಯಾಪ್‌ಟಾಪ್ ಇದೆ. ದುಡ್ಡು ಹಾಕಲು ಆಗುವುದಿಲ್ಲ.

ಕೈಯಲ್ಲೇ ಬಿಡಿಸುವ ಆಸೆ ಇದ್ದರೆ ಕ್ರಿಟಾ ಅಥವಾ ಓಪನ್‌ಟೂನ್ಸ್. ತ್ರೀಡಿ ಬೇಕು ಅಂದರೆ ಬ್ಲೆಂಡರ್. ಅದರಲ್ಲೇ ಗ್ರೀಸ್ ಪೆನ್ಸಿಲ್ ಅಂತ ಟೂಡಿ ಬಿಡಿಸುವ ವ್ಯವಸ್ಥೆಯೂ ಇದೆ. ಮೂರೂ ಉಚಿತ. ಉಚಿತ ಅಂದಮಾತ್ರಕ್ಕೆ ಆಟಿಕೆ ಅಂದುಕೊಳ್ಳಬೇಡಿ, 2025ರಲ್ಲಿ ಅನಿಮೇಷನ್ ಚಿತ್ರದ ಆಸ್ಕರ್ ಗೆದ್ದ 'ಫ್ಲೋ' ತಯಾರಾಗಿದ್ದು ಬ್ಲೆಂಡರ್‌ನಲ್ಲೇ. ಫೋನ್ ಮಾತ್ರ ಇದೆ ಅಂತ ಬರೆದವರಿಗೆ ಫ್ಲಿಪಾಕ್ಲಿಪ್ ಸಾಕು. ಯಾವುದನ್ನೇ ಹಿಡಿಯಿರಿ, ಹಿಂದಿನ ಮತ್ತು ಮುಂದಿನ ಚಿತ್ರ ಮಸುಕಾಗಿ ಕಾಣುವ ಆನಿಯನ್ ಸ್ಕಿನ್ ಎಲ್ಲಿದೆ ಅಂತ ಮೊದಲು ಹುಡುಕಿಕೊಳ್ಳಿ, ಉಳಿದ ಬಟನ್‌ಗಳು ನಿಧಾನಕ್ಕೆ ಪರಿಚಯ ಆಗುತ್ತವೆ. ಸಾಫ್ಟ್‌ವೇರ್ ಹೋಲಿಸುವ ವಿಡಿಯೊ ನೋಡುತ್ತಾ ಕೂತರೆ ಏನೋ ಕಲಿಯುತ್ತಿದ್ದೇವೆ ಅನಿಸುತ್ತದೆ. ಅನಿಸುತ್ತದೆ ಅಷ್ಟೇ.

ಪ್ರಶ್ನೆ: ನನಗೆ ಚಿತ್ರ ಬಿಡಿಸಲು ಅಷ್ಟಾಗಿ ಬರುವುದಿಲ್ಲ. ಆದರೂ ಕಲಿಯಬಹುದಾ?

ಕಲಿಯಬಹುದು. ಒಂದು ಚಿತ್ರವನ್ನು ಚೆನ್ನಾಗಿ ಬಿಡಿಸುವುದು ಬೇರೆ, ಅದೇ ಪಾತ್ರವನ್ನು ನೂರು ಸಲ ಅದೇ ಪಾತ್ರ ಅನ್ನುವ ಹಾಗೆ ಬಿಡಿಸುವುದು ಬೇರೆ. ನಿಮಗೆ ಬೇಕಾಗಿರುವುದು ಎರಡನೆಯದು.

ಲೆಕ್ಕ ನೋಡಿ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ಕೈಯಲ್ಲಿ ಬಿಡಿಸುವವರು ಸಾಮಾನ್ಯವಾಗಿ ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸುತ್ತಾರೆ, ಇದಕ್ಕೇ 'ಆನ್ ಟೂಸ್' ಅನ್ನುವುದು. ಆಗಲೂ ಸೆಕೆಂಡಿಗೆ 12 ಚಿತ್ರ ಬೇಕು. ನಿಮ್ಮ ಪಾತ್ರದ ಅಂಗಿಗೆ ಆರು ಗುಂಡಿ, ಚೌಕುಳಿ ಬಟ್ಟೆ, ಗುಂಗುರು ಕೂದಲು ಇಟ್ಟುಕೊಂಡಿದ್ದರೆ ಅಷ್ಟನ್ನೂ ಸೆಕೆಂಡಿಗೆ 12 ಸಲ ಬಿಡಿಸುವವರು ನೀವೇ. ಹಳೆಯ ಕಾರ್ಟೂನ್ ಪಾತ್ರಗಳ ಕೈಯಲ್ಲಿ ನಾಲ್ಕೇ ಬೆರಳು ಇರುವುದಕ್ಕೆ ಕೆಲಸ ಉಳಿಸುವುದೂ ಒಂದು ಕಾರಣ.

ಹಾಗಾಗಿ ತಲೆಗೊಂದು ಗುಂಡು, ಎದೆಗೊಂದು, ಸೊಂಟಕ್ಕೊಂದು, ಕೈಕಾಲಿಗೆ ಕೊಳವೆ. ಇಷ್ಟರಲ್ಲೇ ಒಂದು ಪಾತ್ರ ಮಾಡಿ. ಅದನ್ನು ಎದುರಿನಿಂದ, ಪಕ್ಕದಿಂದ, ಓರೆಯಿಂದ, ಬೆನ್ನ ಕಡೆಯಿಂದ ಒಂದೇ ಹಾಳೆಯಲ್ಲಿ ಬಿಡಿಸಿ, ಇಡೀ ಮೈ ತಲೆಯ ಎಷ್ಟು ಪಟ್ಟು ಅಂತ ಅಡ್ಡಗೆರೆ ಎಳೆದಿಟ್ಟುಕೊಳ್ಳಿ. ಇದು ಮಾಡೆಲ್ ಶೀಟ್. ಇದಿಲ್ಲದೆ ಹೊರಟರೆ ಮೂವತ್ತನೇ ಚಿತ್ರದ ಹೊತ್ತಿಗೆ ನಿಮ್ಮ ಪಾತ್ರ ಬೇರೆ ಯಾರೋ ಆಗಿರುತ್ತದೆ.

ಪೆನ್ಸಿಲ್ಲೇ ಬೇಡ ಅಂದರೆ ತ್ರೀಡಿ ಇದೆ. ಬ್ಲೆಂಡರ್ ಸ್ಟುಡಿಯೊದವರು ತಮ್ಮ ಪಾತ್ರಗಳ ರಿಗ್‌ಗಳನ್ನು, ಅಂದರೆ ಆಡಿಸಲು ಸಿದ್ಧವಾದ ಬೊಂಬೆಗಳನ್ನು, ಉಚಿತವಾಗಿ ಬಿಟ್ಟಿದ್ದಾರೆ. ಮೂಳೆ, ಕೀಲು, ಮುಖದ ಹಿಡಿಕೆ ಎಲ್ಲಾ ಸಿದ್ಧವಾಗಿರುತ್ತವೆ, ನೀವು ಎಳೆದು ನಿಲ್ಲಿಸಿದರೆ ಆಯಿತು. ಆದರೆ ಹೇಗೆ ನಿಲ್ಲಿಸಬೇಕು ಅನ್ನುವ ಕಣ್ಣು ಇಲ್ಲೂ ಬೇಕು. ಪೋಸ್ ಪೂರ್ತಿ ಕಪ್ಪು ಬಳಿದು ನೋಡಿ. ಬರೀ ನೆರಳಿನಲ್ಲೂ ಅದು ಏನು ಮಾಡುತ್ತಿದೆ ಅಂತ ತಿಳಿದರೆ ಪೋಸ್ ಸರಿ ಇದೆ. ಕೈ ಮೈಯೊಳಗೆ ಮುಳುಗಿ ಹೋಗಿದ್ದರೆ ಬದಲಾಯಿಸಿ.

ಪ್ರಶ್ನೆ: ನನ್ನ ಪಾತ್ರ ಜಿಗಿಯುತ್ತದೆ, ತಿರುಗುತ್ತದೆ, ಎಲ್ಲಾ ಮಾಡುತ್ತದೆ. ಆದರೆ ನೀರೊಳಗೆ ಇರುವವರ ಹಾಗೆ ತೇಲುತ್ತದೆ. ಫ್ರೇಮ್ ಜಾಸ್ತಿ ಹಾಕಿದರೆ ಸರಿಯಾಗುತ್ತದಾ?

ಇನ್ನೂ ಜಾಸ್ತಿ ತೇಲುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ಎರಡು ವಿಷಯ ಬೆರೆತಿವೆ. ಒಂದು ಚಲನೆಗೆ ಎಷ್ಟು ಫ್ರೇಮ್ ಅನ್ನುವುದು ಟೈಮಿಂಗ್. ಆ ಫ್ರೇಮ್‌ಗಳ ನಡುವೆ ಎಲ್ಲೆಲ್ಲಿ ಎಷ್ಟು ದೂರ ಸರಿಯಿತು ಅನ್ನುವುದು ಸ್ಪೇಸಿಂಗ್. ಮೊದಲನೆಯದನ್ನು ಎಲ್ಲರೂ ಗಮನಿಸುತ್ತಾರೆ. ತೂಕ ಕಾಣುವುದು ಎರಡನೆಯದರಲ್ಲಿ. ಅದಕ್ಕೇ ಎಲ್ಲಾ ಕಡೆ ಮೊದಲ ಪಾಠ ಪುಟಿಯುವ ಚೆಂಡು. ಇದನ್ನು ಮಕ್ಕಳ ಪಾಠ ಅಂತ ಹಾರಿಸಿ ನೇರ ಪಾತ್ರಕ್ಕೆ ಹೋದವರೇ ಆಮೇಲೆ ನಿಮ್ಮ ಪ್ರಶ್ನೆ ಕೇಳುವುದು.

ಹೀಗೆ ಮಾಡಿ. ಸುಮಾರು 1.2 ಮೀಟರ್ ಎತ್ತರದಿಂದ ಬಿಟ್ಟ ಚೆಂಡು ನೆಲ ಮುಟ್ಟಲು ಅರ್ಧ ಸೆಕೆಂಡು, ಅಂದರೆ 12 ಫ್ರೇಮ್. ಎರಡೆರಡು ಫ್ರೇಮ್‌ಗೆ ಒಂದು ಅಂದರೆ ಆರು ಚಿತ್ರ. ಈಗ ಆ ಎತ್ತರವನ್ನು 36 ಸಮಭಾಗ ಮಾಡಿ, ಮೇಲಿನಿಂದ ಎಣಿಸಿಕೊಂಡು 1, 4, 9, 16, 25, 36ನೇ ಗೆರೆಗಳಲ್ಲಿ ಚೆಂಡು ಇಡಿ. ಮೊದಲ ಹೆಜ್ಜೆ ಒಂದೇ ಭಾಗ, ಕೊನೆಯದು ಹನ್ನೊಂದು. ಮೇಲೆ ಚಿತ್ರಗಳು ಒತ್ತೊತ್ತಾಗಿ, ಕೆಳಗೆ ದೂರ ದೂರ. ಗುರುತ್ವ ಅಂದರೆ ಅನಿಮೇಟರ್ ಪಾಲಿಗೆ ಇದೇ. ಇದೇ ಆರು ಚಿತ್ರಗಳನ್ನು ಸಮ ಅಂತರದಲ್ಲಿ ಇಟ್ಟು ಇನ್ನೊಂದು ಮಾಡಿ, ಎರಡನ್ನೂ ಪಕ್ಕಪಕ್ಕ ಓಡಿಸಿ. ಸಮಯ ಒಂದೇ, ಚೆಂಡು ಒಂದೇ, ಆದರೆ ಒಂದು ಬೀಳುತ್ತದೆ, ಇನ್ನೊಂದನ್ನು ಯಾರೋ ದಾರ ಕಟ್ಟಿ ಇಳಿಸುತ್ತಿದ್ದಾರೆ.

ಆಮೇಲಿನ ತಪ್ಪು ಪುಟಿತದಲ್ಲಿ ಆಗುತ್ತದೆ. ಎತ್ತರ ಕಡಿಮೆ ಮಾಡುತ್ತಾರೆ, ಫ್ರೇಮ್ ಕಡಿಮೆ ಮಾಡುವುದಿಲ್ಲ. ಪುಟಿತದ ಎತ್ತರ ಕಾಲು ಭಾಗಕ್ಕೆ ಇಳಿದರೆ ಗಾಳಿಯಲ್ಲಿರುವ ಸಮಯ ಅರ್ಧಕ್ಕೆ ಇಳಿಯಬೇಕು. ಇಳಿಯದಿದ್ದರೆ ಸಣ್ಣ ಪುಟಿತಗಳೆಲ್ಲ ಚಂದ್ರನ ಮೇಲೆ ನಡೆದ ಹಾಗೆ ಕಾಣುತ್ತವೆ. ಇನ್ನು ಚಪ್ಪಟೆ ಮಾಡುವುದು, ಉದ್ದ ಎಳೆಯುವುದು. ಚಪ್ಪಟೆ ನೆಲಕ್ಕೆ ತಾಗಿದಾಗ ಮಾತ್ರ. ಎತ್ತರ ತಗ್ಗಿದಷ್ಟು ಅಗಲ ಹಿಗ್ಗಬೇಕು, ಇಲ್ಲದಿದ್ದರೆ ಚೆಂಡೇ ಸಣ್ಣದಾದ ಹಾಗೆ ಕಾಣುತ್ತದೆ. ಕಬ್ಬಿಣದ ಗುಂಡು ಮಾಡುವಾಗ ಇದೆಲ್ಲ ಬೇಡವೇ ಬೇಡ.

ಚೆಂಡು ಬಂತಾ? ಅದಕ್ಕೊಂದು ಬಾಲ ಅಂಟಿಸಿ. ಚೆಂಡು ನಿಂತ ಮೇಲೂ ಬಾಲ ಸ್ವಲ್ಪ ಹೊತ್ತು ಆಡಬೇಕು. ಅದಾದ ಮೇಲೆ ಅರ್ಧ ತುಂಬಿದ ಹಿಟ್ಟಿನ ಚೀಲ. ಮುಖ ಇಲ್ಲ, ಕೈ ಇಲ್ಲ, ನಾಲ್ಕು ಮೂಲೆ ಮಾತ್ರ. ಆ ಚೀಲ ಜಿಗಿಯುವ ಮುಂಚೆ ಕುಗ್ಗಬೇಕು, ಇಳಿದಾಗ ಹಿಟ್ಟೆಲ್ಲ ತಳಕ್ಕೆ ಬರಬೇಕು, ಬೇಜಾರಾದರೆ ಮೇಲಿನ ಮೂಲೆಗಳು ಜೋತುಬೀಳಬೇಕು. ಮುಖವೇ ಇಲ್ಲದ ಚೀಲಕ್ಕೆ ಬೇಜಾರು ತರಿಸಲು ಬಂತು ಅಂದರೆ ಮುಖ ಇರುವ ಪಾತ್ರ ಅಷ್ಟು ಕಷ್ಟ ಅನಿಸುವುದಿಲ್ಲ.

ಡಿಸ್ನಿಯ ಅನಿಮೇಟರ್‌ಗಳಾದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರಲ್ಲಿ ಪಟ್ಟಿ ಮಾಡಿದ ಅನಿಮೇಷನ್‌ನ 12 ಸೂತ್ರಗಳನ್ನು ಕೆಲವರು ಬಾಯಿಪಾಠ ಮಾಡಿ ಬರೆದು ಕಳಿಸಿದ್ದೀರಿ. ಒಳ್ಳೆಯದೇ. ಆದರೆ ಚೆಂಡು, ಬಾಲ, ಚೀಲ ಈ ಮೂರರಲ್ಲೇ ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೈಗೆ ಬರುತ್ತವೆ, ಸುಮ್ನೆ ಹೆಸರು ಹೇಳಿ ಏನು ಪ್ರಯೋಜನ?

ತ್ರೀಡಿ ಮಾಡುವವರಿಗೆ ಇನ್ನೊಂದು ಮಾತು. ಎರಡು ಪೋಸ್ ಕೊಟ್ಟರೆ ನಡುವಿನದನ್ನು ಕಂಪ್ಯೂಟರೇ ತುಂಬುತ್ತದೆ. ನಿಮ್ಮ ತೇಲಾಟದ ಮುಖ್ಯ ಕಾರಣ ಅದೇ ಇರಬಹುದು. ಕಂಪ್ಯೂಟರಿಗೆ ಪಾತ್ರದ ತೂಕ ಗೊತ್ತಿಲ್ಲ, ಎಲ್ಲವನ್ನೂ ನಯವಾಗಿ ಶುರು ಮಾಡಿ ನಯವಾಗಿ ನಿಲ್ಲಿಸುತ್ತದೆ. ಮೊದಲು ಸ್ಟೆಪ್ಡ್ ಮೋಡ್‌ನಲ್ಲಿ, ಪೋಸ್‌ನಿಂದ ಪೋಸ್‌ಗೆ ಟಕ್ ಟಕ್ ಅಂತ ಹಾರುವ ಹಾಗೆ ಇಟ್ಟು ಟೈಮಿಂಗ್ ಗಟ್ಟಿ ಮಾಡಿಕೊಳ್ಳಿ. ಚಲನೆಯನ್ನು ಗೆರೆಯಾಗಿ ತೋರಿಸಿ ತಿದ್ದಲು ಬಿಡುವ ಗ್ರಾಫ್ ಎಡಿಟರ್ ತೆರೆಯುವುದು ಆಮೇಲೆ.

ಪ್ರಶ್ನೆ: ನಡಿಗೆ ಮಾಡಿದೆ. ಕಾಲು ಜಾರುತ್ತಿದೆ, ಐಸ್ ಮೇಲೆ ನಡೆದ ಹಾಗಿದೆ.

ಒಂದೇ ಜಾಗದಲ್ಲಿ ನಡೆಸಿ ಹಿನ್ನೆಲೆಯನ್ನು ಸರಿಸುತ್ತಿದ್ದೀರಿ ಅಲ್ವಾ? ಹಾಗಾದರೆ ನೆಲದ ಮೇಲಿರುವ ಪಾದ ಪ್ರತಿ ಚಿತ್ರಕ್ಕೂ ಸಮ ದೂರ ಹಿಂದೆ ಹೋಗಬೇಕು. ಹಿನ್ನೆಲೆಯೂ ಅಷ್ಟೇ ದೂರ ಸರಿಯಬೇಕು. ಎರಡೂ ಹೊಂದಿದರೆ ಜಾರುವುದು ನಿಲ್ಲುತ್ತದೆ.

ಜಾರುವುದು ನಿಂತ ಮೇಲೂ ಏನೋ ಸರಿ ಇಲ್ಲ ಅನಿಸಿದರೆ ಸೊಂಟ ನೋಡಿ. ಒಂದು ಹೆಜ್ಜೆಯಲ್ಲಿ ನಾಲ್ಕು ಮುಖ್ಯ ಪೋಸ್: ಕಾಂಟ್ಯಾಕ್ಟ್, ಡೌನ್, ಪಾಸಿಂಗ್, ಅಪ್. ಹಿಮ್ಮಡಿ ತಾಗುವುದು ಮೊದಲನೆಯದು. ಮೈಭಾರ ಆ ಕಾಲಿನ ಮೇಲೆ ಬಿದ್ದು ಮೊಣಕಾಲು ಮಡಚಿ ಸೊಂಟ ಅತಿ ಕೆಳಗೆ ಬರುವುದು ಎರಡನೆಯದು. ಇನ್ನೊಂದು ಕಾಲು ಪಕ್ಕದಿಂದ ದಾಟುವುದು ಮೂರನೆಯದು. ಹಿಂದಿನ ಪಾದ ಒದ್ದು ಮೈಯನ್ನು ಅತಿ ಮೇಲಕ್ಕೆ ಎತ್ತುವುದು ನಾಲ್ಕನೆಯದು. ಹೊಸಬರು ಎರಡನೆಯದನ್ನೂ ನಾಲ್ಕನೆಯದನ್ನೂ ಬಿಟ್ಟುಬಿಡುತ್ತಾರೆ, ಆಗ ತಲೆ ಒಂದೇ ಗೆರೆಯಲ್ಲಿ ಸಾಗಿ ಪಾತ್ರ ಗಾಲಿ ಮೇಲೆ ಹೋದ ಹಾಗೆ ಕಾಣುತ್ತದೆ. ಹೆಜ್ಜೆಗೆ 12 ಫ್ರೇಮ್ ಸಾಧಾರಣ ನಡಿಗೆ. 8 ಇಟ್ಟರೆ ಅವಸರ. 16 ಅಥವಾ 20 ಇಟ್ಟರೆ ಸುಸ್ತು, ಇಲ್ಲವೇ ಸೋಮಾರಿತನ, ಅದು ಬೆನ್ನು ಎಷ್ಟು ಬಾಗಿದೆ ಅನ್ನುವುದರ ಮೇಲೆ.

ಪ್ರಶ್ನೆ: ವಿಡಿಯೊ ನೋಡಿಕೊಂಡು ಬಿಡಿಸುವುದು ಮೋಸವಾ?

ಅಲ್ಲ. ಅಮೆರಿಕದ ಅನಿಮೇಟರ್ ಮ್ಯಾಕ್ಸ್ ಫ್ಲೈಶರ್, ಮೊದಲೇ ಚಿತ್ರೀಕರಿಸಿಟ್ಟ ಮನುಷ್ಯನ ಮೇಲೆ ಗೆರೆ ಎಳೆಯುವ ರೋಟೊಸ್ಕೋಪ್ ಯಂತ್ರಕ್ಕೆ 1917ರಲ್ಲೇ ಪೇಟೆಂಟ್ ಪಡೆದಿದ್ದರು. ಆದರೆ ಫ್ರೇಮ್ ಫ್ರೇಮ್ ಮೇಲೆ ಗೆರೆ ಎಳೆದರೆ ನಿಮ್ಮ ಪಾತ್ರ ಪಾತ್ರವಾಗುವುದಿಲ್ಲ, ವೇಷ ಹಾಕಿದ ಮನುಷ್ಯನಾಗುತ್ತದೆ. ದೊಡ್ಡ ತಲೆ, ಗಿಡ್ಡ ಕಾಲಿನ ಮೈ ನಮ್ಮ ಹಾಗೆ ಚಲಿಸುವುದಿಲ್ಲ. ಫೋನ್ ನಿಲ್ಲಿಸಿ ನೀವೇ ನಟಿಸಿ, ನಾಚಿಕೆ ಬಿಟ್ಟು ನಟಿಸಿ. ಆ ವಿಡಿಯೊದಿಂದ ಮೂರ್ನಾಲ್ಕು ಮುಖ್ಯ ಪೋಸ್ ಆರಿಸಿ, ಅವುಗಳ ನಡುವೆ ಎಷ್ಟು ಫ್ರೇಮ್ ಅಂತ ಬರೆದುಕೊಳ್ಳಿ, ವಿಡಿಯೊ ಮುಚ್ಚಿ. ಬಾಗಿದ್ದನ್ನು ಇನ್ನೂ ಬಾಗಿಸಿ ಬಿಡಿಸಿ.

ಪ್ರಶ್ನೆ: ತುಟಿ ಚಲನೆಯ ಚಾರ್ಟ್‌ಗಳೆಲ್ಲ ಇಂಗ್ಲಿಷ್‌ನಲ್ಲಿವೆ. ಕನ್ನಡ ಮಾತಿಗೆ ಏನು ಮಾಡುವುದು?

ನಮ್ಮ ವರ್ಣಮಾಲೆಯೇ ಚಾರ್ಟ್. ಪ, ಫ, ಬ, ಭ, ಮ ಬಂದಾಗ ತುಟಿ ಮುಚ್ಚಲೇಬೇಕು, ಕನಿಷ್ಠ ಎರಡು ಫ್ರೇಮ್. 'ಅಮ್ಮ', 'ಹಬ್ಬ' ಥರದ ಒತ್ತಕ್ಷರ ಇದ್ದರೆ ಇನ್ನೂ ಸ್ವಲ್ಪ ಹೆಚ್ಚು. ಅ, ಆ ಬಂದರೆ ಬಾಯಿ ತೆರೆಯುತ್ತದೆ, ಇ, ಈ, ಎ, ಏ ಬಂದರೆ ಅಗಲ, ಉ, ಊ, ಒ, ಓ ಬಂದರೆ ದುಂಡು. ಕ ವರ್ಗದ ಕೆಲಸವೆಲ್ಲ ಬಾಯಿಯ ಹಿಂಭಾಗದಲ್ಲಿ, ಹೊರಗೆ ಕಾಣುವುದಿಲ್ಲ, ಬಿಡಿ. ಪ್ರತಿ ಅಕ್ಷರಕ್ಕೂ ಬಾಯಿ ಬದಲಿಸಲು ಹೋದರೆ ಪಟಪಟ ಅಂತ ಬಡಿದುಕೊಳ್ಳುತ್ತದೆ. ಸ್ವರಗಳನ್ನೂ ತುಟಿ ಮುಚ್ಚುವ ಅಕ್ಷರಗಳನ್ನೂ ಹಿಡಿಯಿರಿ, ಸಾಕು. ಬಾಯಿ ದನಿಗಿಂತ ಒಂದೆರಡು ಫ್ರೇಮ್ ಮುಂಚೆ ತೆರೆದರೆ ಕಣ್ಣಿಗೆ ಹೊಂದಿಕೊಳ್ಳುತ್ತದೆ. ಮತ್ತೆ, ಬಾಯಿಗೆ ಹೋಗುವ ಮುಂಚೆ ತಲೆ, ಹುಬ್ಬು, ಭುಜ ಮುಗಿಸಿ. ಬಾಯಿಯನ್ನು ಕೈಯಿಂದ ಮುಚ್ಚಿ ನೋಡಿದರೂ ಪಾತ್ರ ಜಗಳ ಆಡುತ್ತಿದೆಯೋ ಬೇಡಿಕೊಳ್ಳುತ್ತಿದೆಯೋ ಗೊತ್ತಾಗಬೇಕು.

ಪ್ರಶ್ನೆ: 20 ನಿಮಿಷದ ಕಥೆ ಬರೆದಿದ್ದೇನೆ. ಒಬ್ಬನೇ ಮಾಡಬೇಕು ಅಂತಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಸೆಕೆಂಡಿಗೆ 12ರ ಲೆಕ್ಕದಲ್ಲಿ 14,400 ಚಿತ್ರ. ಅದೂ ಒಂದೇ ಪಾತ್ರ ಇದ್ದರೆ. ಕಥೆಯನ್ನು ಎಸೆಯಬೇಡಿ, ಎತ್ತಿಡಿ. ಅದರೊಳಗಿಂದ ಒಬ್ಬನೇ ಇರುವ, ಮಾತಿಲ್ಲದ ಹತ್ತು ಸೆಕೆಂಡು ಆರಿಸಿ. 120 ಚಿತ್ರ. ಅವನು ಒಂದು ಪೆಟ್ಟಿಗೆ ಎತ್ತಲು ಹೋಗುತ್ತಾನೆ, ಹಗುರ ಅಂದುಕೊಂಡಿದ್ದಾನೆ, ಅದು ಏಳುವುದಿಲ್ಲ. ಅಷ್ಟೇ ಸಾಕು. ಪೆಟ್ಟಿಗೆಯ ಮೇಲೆ 'ಭಾರ' ಅಂತ ಬರೆಯಬೇಡಿ, ಶಬ್ದವೂ ಬೇಡ. ಬೆರಳು ಪೆಟ್ಟಿಗೆ ಹಿಡಿದ ಮೇಲೆ ಮೈ ಏಳಬೇಕು, ತೋಳು ಚಾಚಿ ಬಿಗಿಯಬೇಕು, ಪೆಟ್ಟಿಗೆ ಅಲ್ಲೇ ಇರಬೇಕು. ಮುಗಿದ ಮೇಲೆ ಕಥೆ ಗೊತ್ತಿಲ್ಲದ ಯಾರಿಗಾದರೂ ತೋರಿಸಿ, ಪೆಟ್ಟಿಗೆ ಎಷ್ಟು ಭಾರ ಇರಬಹುದು ಅಂತ ಕೇಳಿ. ಅವರು ಏನು ಹೇಳಿದರು ಅಂತ ಬರೆದು ಕಳಿಸಿ, ಮುಂದಿನ ಶಾಟ್ ಯಾವುದು ಅಂತ ಆಮೇಲೆ ನೋಡೋಣ.